ಎದೆಯುರಿ ಮತ್ತು ನಿದ್ರೆಯ ಗುಳಿಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಹೊಲದ ದುಡಿತ ಮುಗಿಸಿ ಉಣ್ಣಲು ಕೂಡುವಾಗ ಬಹಳ ಹೊತ್ತಾಗಿರುತ್ತದೆ. ಜೋಳದ ರೊಟ್ಟಿ, ಖಾರದ ಪಲ್ಯ, ಶೇಂಗಾ ಹಿಂಡಿ. ಉಂಡ ಕೈ ಆರುವ ಮುನ್ನವೇ ಹಾಸಿಗೆ. ನಡುರಾತ್ರಿ ಎದೆ ಉರಿದು, ಹುಳಿನೀರು ಗಂಟಲಿಗೆ ಬಂದು ಎಚ್ಚರವಾದರೆ, "ನನಗೆ ನಿದ್ರೆಯೇ ಇಲ್ಲ" ಎಂದು ನೀವು ನಿದ್ರೆಯ ಗುಳಿಗೆ ಕೇಳುವಿರಿ. ದಾರಿ ತಪ್ಪುವುದು ಇಲ್ಲಿಯೇ.

ಅನ್ನನಾಳವು ಸುಮಾರು 25 ಸೆಂಟಿಮೀಟರು ಉದ್ದದ ಕೊಳವೆ. ಅದು ಜಠರವನ್ನು ಕೂಡುವಲ್ಲಿ ಸ್ನಾಯುವಿನ ಉಂಗುರವೊಂದುಂಟು. ತುತ್ತು ಇಳಿಯುವಾಗ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಅದು ಸಡಿಲಾದರೆ ಜಠರದ ಆಮ್ಲ ಮೇಲೇರುತ್ತದೆ. ಜಠರದ ಒಳಪದರ ತಾಳುವಂತೆ ಅನ್ನನಾಳದ ಪದರ ಆಮ್ಲವನ್ನು ತಾಳಲಾರದು. ಬಾವು ಬರುತ್ತದೆ, ಹುಣ್ಣಾಗುತ್ತದೆ, ಕೆಲವರಲ್ಲಿ ನಾಳವೇ ಕಿರಿದಾಗಿ ತುತ್ತು ಇಳಿಯದಾಗುತ್ತದೆ. ಹಗಲಿನಲ್ಲಿ ನಾವು ಅರಿಯದೆಯೇ ನುಂಗುವ ಉಗುಳು ಈ ಆಮ್ಲವನ್ನು ತೊಳೆಯುತ್ತಿರುತ್ತದೆ. ನಿದ್ರೆಯಲ್ಲಿ ಉಗುಳೂ ಕಡಿಮೆ, ನುಂಗುವುದೂ ಅಪರೂಪ. ಆಗ ಉಳಿಯುವ ಕಾವಲು ಎಚ್ಚರವಾಗುವುದೊಂದೇ.

ಆ ಕಾವಲುಗಾರನನ್ನೇ ಗುಳಿಗೆ ಮಲಗಿಸುತ್ತದೆ. ಅಮೆರಿಕದ ಸಂಶೋಧಕರು ಜೋಲ್ಪಿಡೆಮ್ ಎಂಬ ನಿದ್ರೌಷಧವನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಪ್ರಕಾರ, ಅದನ್ನು ನುಂಗಿದವರು ಆಮ್ಲ ಏರಿದರೂ ಎಚ್ಚರಗೊಂಡದ್ದು ಕಡಿಮೆ. ಎದೆಯುರಿಯ ರೋಗಿಗಳಲ್ಲಿ ಏರಿದ ಆಮ್ಲ ಹೆಚ್ಚು ಹೊತ್ತು ನಿಂತಿತು. 2005ರಲ್ಲಿ ಹೊರಬಂದ, 15,000ಕ್ಕೂ ಹೆಚ್ಚು ಜನರ ಸಮೀಕ್ಷೆಯಲ್ಲಿ ಬೆಂಜೊಡಯಾಜೆಪೀನ್ ಗುಂಪಿನ ಗುಳಿಗೆ ಸೇವಿಸುವವರಿಗೆ ರಾತ್ರಿಯ ಎದೆಯುರಿ ಅಧಿಕವೆಂದು ಕಂಡಿತು. ಗುಳಿಗೆಯಿಂದ ಉರಿಯೋ, ಉರಿಯಿಂದ ಗುಳಿಗೆಯೋ ಎಂಬುದನ್ನು ಸಮೀಕ್ಷೆಯೊಂದೇ ಹೇಳಲಾರದು, ನಿಜ. ಆದರೂ ಎರಡನ್ನೂ ಕೂಡಿಸಿ ನೋಡಿದರೆ ಎಚ್ಚರಿಕೆಗೆ ಸಾಕಷ್ಟು ಕಾರಣವಿದೆ.

ಡಯಾಜೆಪಾಮ್, ಅಲ್ಪ್ರಾಜೋಲಾಮ್, ಜೋಲ್ಪಿಡೆಮ್‌ಗಳು 2014ರ ಮಾರ್ಚ್ 1ರಿಂದ ಎಚ್-1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಅಂಗಡಿಯವರು ಕೊಡಬಾರದು, ಕೊಟ್ಟದ್ದನ್ನು ದಾಖಲಿಸಬೇಕು. ನೆರೆಮನೆಯವರಿಂದ ಎರಡು ಗುಳಿಗೆ ಎರವಲು ತರುವುದಂತೂ ಬೇಡವೇ ಬೇಡ.

ವೈದ್ಯರ ಮುಂದೆ ನಿದ್ರೆ ಇಲ್ಲವೆಂದಷ್ಟೇ ಹೇಳದೆ, ಏನು ಎಬ್ಬಿಸಿತೆಂಬುದನ್ನೂ ಹೇಳಿರಿ. ಉಂಡು ಮೂರು ತಾಸು ಕಳೆದ ಮೇಲೆ, ಎಡಮಗ್ಗುಲಾಗಿ ಮಲಗಿರಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರು ಅಂಗುಲದಷ್ಟು ಇಟ್ಟಿಗೆ ಇಡಿರಿ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ದೊರೆತದ್ದು ಹೆಮ್ಮೆಯೇ ಸರಿ, ಆದರೆ ಉರಿ ಶಮನಕ್ಕೆಂದು ಮಲಗುವಾಗ ಅದರ ಪಾನಕ ಬೇಡ.

ಈಗಾಗಲೇ ಬಹುದಿನದಿಂದ ಗುಳಿಗೆ ನುಂಗುತ್ತಿರುವವರು ಇದನ್ನೋದಿ ಒಮ್ಮೆಲೇ ಬಿಡಬಾರದು, ಸೆಳವು ಬಂದೀತು. ವೈದ್ಯರ ಮಾತಿನಂತೆ ಸಾವಕಾಶ ಇಳಿಸಬೇಕು. ತುತ್ತು ಸಿಕ್ಕಿಕೊಂಡರೆ, ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಬೆಳಗಿನವರೆಗೆ ಕಾಯದೆ ತಾಲೂಕಿನ ಆಸ್ಪತ್ರೆಗೆ ಹೋಗಿರಿ.