ಅಡ್ಮಿನ್‌ಗೇ ಪ್ರವೇಶವಿಲ್ಲ

ಕಚೇರಿಯ ನೆಟ್‌ವರ್ಕಿನಲ್ಲಿ ಅಡ್ಮಿನಿಸ್ಟ್ರೇಟರ್ ಹಕ್ಕಿರುವ ಖಾತೆಯ ಸರಿಯಾದ ಪಾಸ್‌ವರ್ಡನ್ನೇ ಕೊಟ್ಟರೂ ಪಕ್ಕದ ಕಂಪ್ಯೂಟರಿನ ಸಿ ಡ್ರೈವ್ ತೆರೆಯದೆ ‘ಆಕ್ಸೆಸ್ ಈಸ್ ಡಿನೈಡ್’ ಎಂಬ ಉತ್ತರ ಬರುವುದುಂಟು. ಅದೇ ಖಾತೆಯಿಂದ ಆ ಕಂಪ್ಯೂಟರಿನ ಮುಂದೆಯೇ ಕೂತು ಲಾಗಿನ್ ಆದರೆ ಕೆಲಸ ಸಲೀಸು. ಯಂತ್ರ ಕೆಟ್ಟಿದೆಯೆಂದು ಇದರ ಅರ್ಥವಲ್ಲ. 2007ರಲ್ಲಿ ವಿಂಡೋಸ್ ವಿಸ್ತಾದೊಂದಿಗೆ ಬೇಕೆಂದೇ ಮಾಡಿದ ಏರ್ಪಾಡು ಇದು. ಇದಕ್ಕೆ ಕಾರಣವಾದದ್ದು ಅದಕ್ಕೂ ಹಿಂದಿನ ಹತ್ತು ಹನ್ನೆರಡು ವರ್ಷಗಳ ಸದರ.

ಮೊದಲಿಗೆ ಸದರವೇನೂ ಇರಲಿಲ್ಲ. ಡಿಜಿಟಲ್ ಕಂಪನಿಯಲ್ಲಿ ವಿಎಂಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಕಟ್ಟಿದ್ದ ಡೇವ್ ಕಟ್ಲರ್ 1988ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಅವರ ತಂಡ 1993ರಲ್ಲಿ ಹೊರತಂದ ವಿಂಡೋಸ್ ಎನ್‌ಟಿಯಲ್ಲಿ ಪ್ರತಿ ಫೈಲಿಗೂ ಯಾರು ಏನು ಮಾಡಬಹುದೆಂಬ ಪಟ್ಟಿ ಇತ್ತು. ಲಾಗಿನ್ ಆದ ಗಳಿಗೆಯಲ್ಲೇ ಬಳಕೆದಾರರ ಗುಂಪುಗಳನ್ನೆಲ್ಲ ನಮೂದಿಸಿದ ಒಂದು ಟೋಕನ್ ತಯಾರಾಗುತ್ತಿತ್ತು. ಮುಂದೆ ಪ್ರತಿ ಬಾಗಿಲಲ್ಲೂ ತಪಾಸಣೆ ಆ ಟೋಕನ್ನಿನದೇ.

ಆದರೆ ಜನ ಕೊಂಡದ್ದು ವಿಂಡೋಸ್ 95 ಮತ್ತು 98. ಅವುಗಳ ಲಾಗಿನ್ ಪೆಟ್ಟಿಗೆಯನ್ನು ‘ಕ್ಯಾನ್ಸಲ್’ ಒತ್ತಿ ದಾಟಬಹುದಿತ್ತು. ತಂತ್ರಾಂಶ ಬರೆಯುವವರೂ ಬಳಕೆದಾರರಿಗೆ ಸರ್ವಾಧಿಕಾರ ಇದ್ದೇ ಇರುತ್ತದೆಂದು ಹಿಡಿದು, ತಮ್ಮ ದಾಖಲೆಗಳನ್ನು ‘ಪ್ರೋಗ್ರಾಮ್ ಫೈಲ್ಸ್’ ಫೋಲ್ಡರಿನಲ್ಲೇ ಬರೆದಿಡುವ ಚಾಳಿ ಬೆಳೆಸಿಕೊಂಡರು. 2001ರಲ್ಲಿ ಬಂದ ಎಕ್ಸ್‌ಪಿಯ ಅಡಿಪಾಯ ಎನ್‌ಟಿಯದೇ. ಹಳೆಯ ತಂತ್ರಾಂಶಗಳು ನಿಂತುಹೋಗದಿರಲೆಂದು ಅದು ಸ್ಥಾಪನೆಯ ಹೊತ್ತಿಗೆ ಸೃಷ್ಟಿಸುವ ಖಾತೆಗಳನ್ನೆಲ್ಲ ಅಡ್ಮಿನಿಸ್ಟ್ರೇಟರ್ ಗುಂಪಿಗೇ ಸೇರಿಸಿತು. ಕಟ್ಲರ್ ತಂಡದ ಇಷ್ಟು ಅಚ್ಚುಕಟ್ಟಾದ ಕೆಲಸ ಸೋಮಾರಿ ತಂತ್ರಾಂಶಗಳ ದಾಕ್ಷಿಣ್ಯಕ್ಕೆ ಬಲಿಯಾದದ್ದು ಈಗಲೂ ಸಿಟ್ಟು ತರಿಸುವ ಸಂಗತಿ.

ವಿಸ್ತಾ ಆ ಟೋಕನ್ನನ್ನೇ ಎರಡು ಮಾಡಿತು. ಅಡ್ಮಿನ್ ಲಾಗಿನ್ ಆದಾಗ ದಿನನಿತ್ಯದ ಬಳಕೆಗೆ ಸಿಗುವುದು ಅಧಿಕಾರ ಕಳೆದ ಟೋಕನ್. ಪೂರ್ಣ ಟೋಕನ್ ಬೇಕೆಂದರೆ ಪರದೆ ಮಬ್ಬಾಗಿ ಒಪ್ಪಿಗೆ ಕೇಳುತ್ತದೆ. ಯೂಸರ್ ಅಕೌಂಟ್ ಕಂಟ್ರೋಲ್ ಎಂಬ ಈ ಕಾವಲನ್ನು ಲೋಕವೆಲ್ಲ ಶಪಿಸಿತು. ಮಾತುಮಾತಿಗೂ ಅನುಮತಿ ಕೇಳುವ ಅಂಗರಕ್ಷಕನೊಬ್ಬನನ್ನು ಜಾಹೀರಾತಿನಲ್ಲಿ ನಿಲ್ಲಿಸಿ ಆಪಲ್ ನಗೆಯಾಡಿತು. 2008ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆರ್‌ಎಸ್‌ಎ ಸಮ್ಮೇಳನದಲ್ಲಿ ಮೈಕ್ರೋಸಾಫ್ಟಿನ ಡೇವಿಡ್ ಕ್ರಾಸ್ ಆಡಿದ ಮಾತು ಇನ್ನೂ ಸ್ವಾರಸ್ಯದ್ದು: ಬಳಕೆದಾರರಿಗೆ ಕಿರಿಕಿರಿ ಮಾಡಲೆಂದೇ ಇದನ್ನು ಇಟ್ಟಿದ್ದು, ತಮಾಷೆಯಲ್ಲ ಎಂದುಬಿಟ್ಟರು. ಬಳಕೆದಾರರು ರೇಗಿದರೆ ತಂತ್ರಾಂಶ ಕಂಪನಿಗಳ ಮೇಲೆ ಒತ್ತಡ ಬೀಳುತ್ತದೆ, ಅವು ಅನಗತ್ಯವಾಗಿ ಅಧಿಕಾರ ಕೇಳುವುದನ್ನು ಬಿಡುತ್ತವೆ ಎಂಬುದು ಲೆಕ್ಕಾಚಾರ. ಲೆಕ್ಕ ತಪ್ಪಲಿಲ್ಲ. ಮೊದಲ ತಿಂಗಳುಗಳಲ್ಲಿ ಒಪ್ಪಿಗೆ ಕೇಳುತ್ತಿದ್ದ ತಂತ್ರಾಂಶ ಮತ್ತು ಕೆಲಸಗಳು 7,75,312 ಇದ್ದದ್ದು 2008ರ ಹೊತ್ತಿಗೆ 1,68,149ಕ್ಕೆ ಇಳಿದಿವೆಯೆಂದು ಮೈಕ್ರೋಸಾಫ್ಟ್ ಹೇಳಿತು. ನಿಂದೆಯನ್ನೇ ಹತಾರ ಮಾಡಿಕೊಂಡು ಗೆದ್ದ ತಂತ್ರಾಂಶಗಳು ವಿರಳ.

ಕಚೇರಿಗಳಿಗೆ ತಲೆನೋವಾದದ್ದು ಈ ಏರ್ಪಾಡಿನ ಇನ್ನೊಂದು ತುದಿ. ನೆಟ್‌ವರ್ಕಿನ ಮೂಲಕ ಬರುವ ಅಡ್ಮಿನ್‌ನ ಎದುರು ಒಪ್ಪಿಗೆ ಕೇಳುವ ಪೆಟ್ಟಿಗೆ ತೋರಿಸಲು ಜಾಗವಿಲ್ಲ. ಹಾಗಾಗಿ ಆಯಾ ಕಂಪ್ಯೂಟರಿನದೇ ಆದ ಸ್ಥಳೀಯ ಖಾತೆಗೆ ಕಡಿತಗೊಂಡ ಟೋಕನ್ ಮಾತ್ರ ಸಿಗುತ್ತದೆ. ಕಚೇರಿಯ ಕೇಂದ್ರ ಸರ್ವರ್ ನಿಭಾಯಿಸುವ ಡೊಮೇನ್ ಖಾತೆಗೂ, ವಿಂಡೋಸ್ ಜೊತೆಗೇ ಬರುವ ಮೂಲ ‘ಅಡ್ಮಿನಿಸ್ಟ್ರೇಟರ್’ ಖಾತೆಗೂ ವಿನಾಯಿತಿ ಇದೆ. ಡೊಮೇನ್ ಇಲ್ಲದ ಸಣ್ಣ ಕಚೇರಿಗಳು ಪೇಚಿಗೆ ಸಿಕ್ಕುವುದು ಇಲ್ಲಿಯೇ. ‘ಲೋಕಲ್ ಅಕೌಂಟ್ ಟೋಕನ್ ಫಿಲ್ಟರ್ ಪಾಲಿಸಿ’ ಎಂಬ ರಿಜಿಸ್ಟ್ರಿ ಮೌಲ್ಯವನ್ನು 1 ಮಾಡಿದರೆ ತಡೆ ತೆರವಾಗುತ್ತದೆ. ಕಾವಲೂ ಅದರೊಂದಿಗೇ ಹೋಗುತ್ತದೆ.

ಅಲ್ಲಿಗೆ ಕೈಹಾಕುವ ಮೊದಲು ನೋಡಬೇಕಾದದ್ದು ಬೇರೆಯೇ ಇದೆ. ಗುಂಪಿಗೆ ಹೊಸದಾಗಿ ಸೇರಿಸಿದವರು ಲಾಗ್ ಆಫ್ ಆಗಿ ಮತ್ತೆ ಲಾಗಿನ್ ಆಗದಿದ್ದರೆ ಹಳೆಯ ಟೋಕನ್ನೇ ಉಳಿದಿರುತ್ತದೆ. ಪದೇಪದೇ ಕಾಡುವ ದೂರಿನ ಮೂಲ ಬಹಳ ಸಲ ಇಷ್ಟೇ. ಕಮಾಂಡ್ ಪ್ರಾಂಪ್ಟಿನಲ್ಲಿ ‘ಹೂ ಆಮ್ ಐ’ ಆಜ್ಞೆಯನ್ನು ‘ಗ್ರೂಪ್ಸ್’ ಆಯ್ಕೆಯೊಂದಿಗೆ ಕೊಟ್ಟರೆ ಟೋಕನ್ನಿನ ಒಳಗಿರುವುದು ಕಾಣುತ್ತದೆ. ಅಡ್ಮಿನಿಸ್ಟ್ರೇಟರ್ಸ್ ಗುಂಪಿನ ಎದುರು ನಿರಾಕರಣೆಗೆ ಮಾತ್ರ ಎಂಬ ಷರಾ ಇದ್ದರೆ ಕೈಯಲ್ಲಿರುವುದು ಕಡಿತದ ಟೋಕನ್. ಹಂಚಿದ ಫೋಲ್ಡರಿಗೆ ಶೇರ್ ಅನುಮತಿ, ಡಿಸ್ಕಿನ ಎನ್‌ಟಿಎಫ್‌ಎಸ್ ಅನುಮತಿ ಎರಡೂ ಅನ್ವಯಿಸುತ್ತವೆ, ಬಿಗಿಯಾದದ್ದೇ ಗೆಲ್ಲುತ್ತದೆ.

ಸ್ಥಳೀಯ ಅಡ್ಮಿನ್ ಮೇಲೆ ಇಷ್ಟು ಅನುಮಾನವೇಕೆ? ಕಚೇರಿಯ ಕಂಪ್ಯೂಟರುಗಳಿಗೆಲ್ಲ ಒಂದೇ ಪಾಸ್‌ವರ್ಡ್ ಇಡುವ ರೂಢಿ ವಠಾರದ ಮನೆಗಳಿಗೆಲ್ಲ ಒಂದೇ ಬೀಗದಕೈ ಮಾಡಿಸಿದಂತೆ. ಒಂದಕ್ಕೆ ನುಗ್ಗಿದ ಕಳ್ಳನಿಗೆ ಉಳಿದವೆಲ್ಲ ತೆರೆದೇ ಇರುತ್ತವೆ. ಕಂಪ್ಯೂಟರುಗಳಿಗೆಲ್ಲ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸುವ ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್ ಎಂಬ ಸೌಲಭ್ಯ ಈ ರೂಢಿಗೆ ಇನ್ನಷ್ಟು ಅನುಕೂಲವನ್ನೇ ಒದಗಿಸಿತ್ತು. ಡೊಮೇನಿನ ಎಲ್ಲರೂ ಓದಬಹುದಾದ ಜಾಗದಲ್ಲಿ ಅದು ಪಾಸ್‌ವರ್ಡನ್ನು ಗೂಢಲಿಪಿಯಲ್ಲಿ ಇಡುತ್ತಿತ್ತು. ಆ ಲಿಪಿ ಬಿಡಿಸುವ ಕೀಲಿಯನ್ನು ಮೈಕ್ರೋಸಾಫ್ಟ್ ತನ್ನ ದಾಖಲೆಗಳಲ್ಲಿ ತಾನೇ ಪ್ರಕಟಿಸಿತ್ತು! 2014ರ ಮೇ ತಿಂಗಳಲ್ಲಿ ಹೀಗೆ ಹೊಸ ಪಾಸ್‌ವರ್ಡ್ ಇಡುವುದನ್ನು ನಿಲ್ಲಿಸಲಾಯಿತು. ಅದಾಗಲೇ ಇಟ್ಟಿದ್ದವನ್ನು ಕಚೇರಿಗಳು ತಾವೇ ಹುಡುಕಿ ಅಳಿಸಬೇಕಿತ್ತು. ಪ್ರತಿ ಕಂಪ್ಯೂಟರಿಗೂ ಬೇರೆಬೇರೆ ಪಾಸ್‌ವರ್ಡ್ ತಾನೇ ಇಟ್ಟು, ಗೊತ್ತಾದ ಅವಧಿಗೆ ಬದಲಿಸುವ ಲ್ಯಾಪ್ಸ್ ಎಂಬ ಸಾಧನ 2015ರಲ್ಲಿ ಬಂತು, 2023ರಲ್ಲಿ ವಿಂಡೋಸಿನ ಒಳಗೇ ಸೇರಿತು.