ಅಮೆರಿಕದಲ್ಲಿ ಎಂಎಸ್: ಕೇಳಿದ್ದೆಲ್ಲ ನಿಜವಲ್ಲ

2023-24ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ವಿದೇಶಿ ವಿದ್ಯಾರ್ಥಿಗಳಲ್ಲಿ ಚೀನಾದವರನ್ನೂ ಮೀರಿ ಮೊದಲ ಸ್ಥಾನ ನಮ್ಮವರದು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎಂಎಸ್, ಪಿಎಚ್‌ಡಿಯಂಥ ಉನ್ನತ ಪದವಿಗೆ ಹೋದವರು. ಇಷ್ಟು ಮಂದಿ ಹೋದರೂ ಹಳೆಯ ತಪ್ಪು ಕಲ್ಪನೆಗಳು ಮನೆಯಿಂದ ಮನೆಗೆ ದಾಟುತ್ತಲೇ ಇವೆ.

ತಪ್ಪು ಕಲ್ಪನೆ: ಎಂಎಸ್‌ಗೇ ಇಷ್ಟು ಖರ್ಚು, ಪಿಎಚ್‌ಡಿ ನಮ್ಮ ಕೈಗೆ ಎಟಕುವುದಲ್ಲ.
ಸತ್ಯ: ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳಲ್ಲಿ ಪಿಎಚ್‌ಡಿಗೆ ಸೇರಿದವರಿಗೆ ಸಾಮಾನ್ಯವಾಗಿ ಬೋಧನಾ ಶುಲ್ಕ ಮನ್ನಾ ಆಗುತ್ತದೆ, ತಿಂಗಳಿಗೆ ಸ್ಟೈಪೆಂಡ್ ಬರುತ್ತದೆ. ಅದಕ್ಕೆ ಪ್ರತಿಯಾಗಿ ಬೋಧನೆಯಲ್ಲೋ ಸಂಶೋಧನೆಯಲ್ಲೋ ಸಹಾಯಕರಾಗಿ ದುಡಿಯಬೇಕು. ಕೈಯಿಂದ ಹಣ ಹಾಕಬೇಕಾಗಿ ಬರುವುದು ಹೆಚ್ಚಾಗಿ ಎಂಎಸ್‌ಗೆ.

ತಪ್ಪು ಕಲ್ಪನೆ: ಪಾರ್ಟ್‌ಟೈಮ್ ಕೆಲಸ ಮಾಡಿ ಫೀಸು ಕಟ್ಟಿಕೊಳ್ಳಬಹುದು.
ಸತ್ಯ: ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಯಷ್ಟೇ ದುಡಿಯಬಹುದು. ಲೈಬ್ರರಿ, ಕ್ಯಾಂಟೀನಿನ ಆ ಸಂಬಳ ದಿನಸಿಗೆ ಆದೀತು, ಫೀಸಿಗೆ ಸಾಲದು. ಅನುಮತಿಯಿಲ್ಲದೆ ಹೊರಗೆ ದುಡಿದರೆ ವಿದ್ಯಾರ್ಥಿಯಾಗಿ ಅಲ್ಲಿರುವ ಹಕ್ಕನ್ನೇ ಕಳೆದುಕೊಳ್ಳಬೇಕಾಗುತ್ತದೆ. ಮನೆ ಅಡವಿಟ್ಟು ಸಾಲ ಮಾಡುವ ಅಪ್ಪ-ಅಮ್ಮಂದಿರಿಗೆ ಕನ್ಸಲ್ಟೆನ್ಸಿಯವರು ಇದನ್ನು ಮೊದಲ ದಿನವೇ ಹೇಳಬೇಕು.

ತಪ್ಪು ಕಲ್ಪನೆ: ಕಾಯಿಲೆ, ಖಿನ್ನತೆ ಎಂದು ಬಾಯಿಬಿಟ್ಟರೆ ವಾಪಸ್ ಕಳಿಸುತ್ತಾರೆ.
ಸತ್ಯ: ಅತಿ ಹೆಚ್ಚು ಹಾನಿ ಮಾಡುವ ನಂಬಿಕೆ ಇದೇ. ವಿದೇಶಿ ವಿದ್ಯಾರ್ಥಿಗಳಿರುವ ಪ್ರತಿ ವಿಶ್ವವಿದ್ಯಾಲಯದಲ್ಲೂ ಅವರ ವೀಸಾ ದಾಖಲೆ ನೋಡಿಕೊಳ್ಳಲು ಡಿಎಸ್‌ಒ ಎಂಬ ಅಧಿಕಾರಿ ಇರಲೇಬೇಕು. ವೈದ್ಯರ ಪತ್ರ ಕೊಟ್ಟರೆ ಅವರು ಕೋರ್ಸ್‌ಗಳ ಹೊರೆ ಇಳಿಸಲು, ಬೇಕಾದರೆ ಒಂದು ಸೆಮಿಸ್ಟರ್ ಪೂರ್ತಿ ಬಿಡಲೂ ಒಪ್ಪಿಗೆ ಕೊಡಬಹುದು. ಒಂದು ಹಂತದ ಪದವಿಯಲ್ಲಿ ಇಂಥ ವಿನಾಯಿತಿ ಒಟ್ಟು 12 ತಿಂಗಳವರೆಗೆ ಸಿಗುತ್ತದೆ. ಕಾನೂನಿನಲ್ಲೇ ಇದಕ್ಕೆ ಜಾಗವಿದೆ, ಯಾರ ದಯೆಯೂ ಬೇಕಿಲ್ಲ. ವೀಸಾಕ್ಕೆ ಕುತ್ತು ಬರುವುದು ಭಯಪಟ್ಟು, ಯಾರನ್ನೂ ಕೇಳದೆ ಕೋರ್ಸ್ ಬಿಟ್ಟಾಗ. ಒಪ್ಪಿಗೆ ಮೊದಲು ಸಿಗಬೇಕು, ಬಿಡುವುದು ಆಮೇಲೆ. ಕ್ಯಾಂಪಸ್ಸಿನ ಕೌನ್ಸೆಲಿಂಗ್‌ನಲ್ಲಿ ಆಡಿದ ಮಾತೂ ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭಗಳ ಹೊರತು ಗುಟ್ಟಾಗಿಯೇ ಉಳಿಯುತ್ತದೆ.

ಹೊರಡುವ ಮುನ್ನ ಡಿಎಸ್‌ಒ ಕಚೇರಿಯ ಇಮೇಲ್, ಫೋನ್ ನಂಬರು ಬರೆದಿಟ್ಟುಕೊಳ್ಳಿ. ತೊಂದರೆ ಬಂದರೆ ಸೀನಿಯರ್‌ಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳುವ ಮೊದಲು ಅಲ್ಲಿಗೆ ಹೋಗಿ.