ಟುನೀಶಿಯದ ಬರಿದಾದ ಪೀಠ

2010ರ ಡಿಸೆಂಬರಿನಲ್ಲಿ ತಳ್ಳುಗಾಡಿಯ ವ್ಯಾಪಾರಿ ಮೊಹಮ್ಮದ್ ಬುಅಜೀಜಿ ಮೈಗೆ ಬೆಂಕಿ ಹಚ್ಚಿಕೊಂಡಾಗ ಎದ್ದ ಜನಾಕ್ರೋಶಕ್ಕೆ ಬೆದರಿ, 23 ವರ್ಷ ಆಳಿದ್ದ ಬೆನ್ ಅಲಿ ತಿಂಗಳೊಳಗೆ ದೇಶ ಬಿಟ್ಟೋಡಿದನು. ಬಳಿಕ ಈಜಿಪ್ಟ್ ಮತ್ತೆ ಸೈನ್ಯದ ಕೈಸೇರಿತು. ಸಿರಿಯ, ಲಿಬಿಯ, ಯೆಮೆನ್‌ಗಳು ಅಂತರ್ಯುದ್ಧದಲ್ಲಿ ಬೆಂದವು. ಟುನೀಶಿಯ ಮಾತ್ರ 2014ರಲ್ಲಿ ಸಂವಿಧಾನವೊಂದನ್ನು ರಚಿಸಿಕೊಂಡಿತು.

ಆದರೆ ಆ ಸಂವಿಧಾನವೇ ವಿಧಿಸಿದ್ದ ಸಾಂವಿಧಾನಿಕ ನ್ಯಾಯಾಲಯ ರೂಪುಗೊಳ್ಳಲೇ ಇಲ್ಲ. ನ್ಯಾಯಾಧೀಶರು ಯಾರಾಗಬೇಕೆಂಬುದರಲ್ಲಿ ಪಕ್ಷಗಳಿಗೆ ಒಮ್ಮತ ಮೂಡಲಿಲ್ಲ. 2021ರ ಜುಲೈ 25ರಂದು ಅಧ್ಯಕ್ಷ ಕೈಸ್ ಸಯೀದ್ (ಇವರು ಸಂವಿಧಾನಶಾಸ್ತ್ರದ ಅಧ್ಯಾಪಕರಾಗಿದ್ದವರು!) ಸಂಸತ್ತನ್ನು ಅಮಾನತಿನಲ್ಲಿಟ್ಟಾಗ, ಅದು ಸರಿಯೋ ತಪ್ಪೋ ಎಂದು ತೀರ್ಮಾನಿಸಬೇಕಾದ ಪೀಠ ಬರಿದಾಗಿತ್ತು. ಬೀದಿಗಿಳಿದು ಸಂಭ್ರಮಿಸಿದವರೂ ಅನೇಕರು. ನಿರುದ್ಯೋಗವನ್ನು ನೀಗಿಸದ ಸಂಸತ್ತಿನ ಮೇಲೆ ಅವರಿಗೆ ಮರುಕ ಉಳಿದಿರಲಿಲ್ಲ. ಮರುವರ್ಷ ಅಧ್ಯಕ್ಷರ ಹೊಸ ಸಂವಿಧಾನ ಜನಮತಕ್ಕೆ ಬಂದಿತು. ಮತಗಟ್ಟೆಗೆ ಹೋದವರು ನೂರರಲ್ಲಿ ಸುಮಾರು ಮೂವತ್ತು ಮಂದಿ.